ಮೇಲಿನ ಸ್ವರಗಳಿಗೆ ಹತ್ತಕ್ಕೆ ನಾಲ್ಕು

3 ನವೆಂಬರ್ 2025, ಸೋಮವಾರ. ಸಂಡೂರು, ಸಂಜೆ 6.30

ಇಂದು ಮದ್ದು ತುಂಬಿದ್ದು ಹನ್ನೆರಡು ಕುಳಿಗೆ. ಹನ್ನೆರಡೂ ಸಿಡಿದವು. ಇಯರ್‌ಪ್ಲಗ್ ಎಂದಿನಂತೆ ಜೇಬಿನಲ್ಲಿ. ನನ್ನ ಕೈಕೆಳಗಿನ ಎರ್ರಿಯಪ್ಪ ಎಂದಿನಂತೆ ಗೊಣಗಿದ — "ಸರ, ಅದನ್ನ ಕಿವಿಗೆ ಹಾಕ್ಕೊಳ್ರಿ." ನಾನು ಇಪ್ಪತ್ತಾರು ವರ್ಷದಿಂದ ಗಣಿಯಲ್ಲಿ ಬ್ಲಾಸ್ಟಿಂಗ್ ಫೋರ್‌ಮನ್. ಬರಿಗಿವಿಯಿಂದ ಎಣಿಸಿದರೇ ನಂಬಿಕೆ. ಒಂದು ಸದ್ದು ಕಮ್ಮಿಯಾದರೆ ಒಂದು ಕುಳಿಯಲ್ಲಿ ಮದ್ದು ಹಾಗೇ ಕೂತಿದೆ ಎಂದರ್ಥ. ಆಮೇಲೆ ಅಲ್ಲಿ ಕಾಲಿಡುವವರು ನನ್ನ ಜನ.

ಮನೆಗೆ ಬಂದು ಹೆನ್ಸೆಲ್ಟ್ ಕೇಳಿದೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ಸಂಗೀತಗಾರ, ಶೋಪಾನ್ ಕಾಲದವನು. ಪಿಯಾನೋಗೆ ಎಷ್ಟು ಚೆಂದ ಬರೆದ, ಈಗ ಹೆಸರು ಕೇಳಿದವರೇ ಕಡಿಮೆ. ಅದಕ್ಕೇ ಇವನ ಮೇಲೆ ನನಗೆ ತುಸು ಹೆಚ್ಚು ಮಮತೆ. ಅವನ ಒಂದು ಎಟ್ಯೂಡ್‌ನ — ಬೆರಳ ಸಾಧನೆಗೆಂದು ಬರೆದ ಪುಟ್ಟ ಕೃತಿ — ಮೂರನೆಯ ರೆಕಾರ್ಡಿಂಗ್ ನೆಟ್‌ನಲ್ಲಿ ಸಿಕ್ಕಿತು. ಎಡಗೈ ಅದ್ಭುತ. ಮೇಲಿನ ಸ್ವರಗಳು ಮಾತ್ರ ಕಂಬಳಿ ಹೊದ್ದಂತೆ. ಮೈಕ್ ಎಲ್ಲಿಟ್ಟಿದ್ದರೋ ಪುಣ್ಯಾತ್ಮರು! ಹತ್ತಕ್ಕೆ ನಾಲ್ಕು ಅಂಕ.

6 ನವೆಂಬರ್

ಇಂದು ಆಲ್ಕಾನ್, ಅದೇ ಕಾಲದ ಇನ್ನೊಬ್ಬ. ಅದೂ ಮಂಕು. ಹತ್ತಕ್ಕೆ ಮೂರು. ಈಗಿನವರಿಗೆ ರೆಕಾರ್ಡ್ ಮಾಡಲಿಕ್ಕೇ ಬರುವುದಿಲ್ಲ. ಹೆಂಡತಿ ಶ್ರೀಲಕ್ಷ್ಮೀ ಮೆಂತ್ಯೆಸೊಪ್ಪು ಬಿಡಿಸುತ್ತ ಅಂದಳು — "ಭಾಳ ಛಲೋ ಕೇಳಸ್ತದಲ್ರೀ. ಯಾಕ ಬೈತೀರಿ ಪಾಪ?"

ಪಿಯಾನೋ ಬಗ್ಗೆ ನಿನಗೇನು ಗೊತ್ತು ಅಂದುಬಿಟ್ಟೆ. ಅನ್ನಬಾರದಿತ್ತು. ದೇವರನಾಮದಲ್ಲಿ ಎಳೆಯಷ್ಟು ಶ್ರುತಿ ತಪ್ಪಿದರೂ ಹಿಡಿಯುವವಳು.

9 ನವೆಂಬರ್, ಭಾನುವಾರ

ಹೊಸಪೇಟೆಯಿಂದ ಹೊಸ ಸ್ಪೀಕರ್. ಅದರಲ್ಲೂ ಕಂಬಳಿ. ಅಂಗಡಿಯವನ ಜೊತೆ ಫೋನಿನಲ್ಲಿ ಜಗಳ. ಕೊನೆಗೆ ಹಳೆಯ ಸಿ.ಡಿ. ಹಾಕಿದೆ — ಗಣಿಗೆ ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಇಂಜಿನಿಯರ್ ಹೋಗುವಾಗ ಕೊಟ್ಟದ್ದು. ಈ ಹುಚ್ಚು ಹತ್ತಿಸಿದ್ದೇ ಅದು. ಅದೇ ಎಟ್ಯೂಡ್. ಹತ್ತಕ್ಕೆ ನಾಲ್ಕು ಎಂದು ಬರೆದು, ಸುಮ್ಮನೆ ಆ ಸಿ.ಡಿ. ಕೈಗೆ ಬಂದ ವರ್ಷದ, 2004ರ ಡೈರಿ ತೆಗೆದೆ. ನನ್ನದೇ ಅಕ್ಷರ: "ಒಂಬತ್ತೂವರೆ. ಮೇಲಿನ ಸ್ವರಗಳು ಗೆಜ್ಜೆ ಕಟ್ಟಿದ ಹಾಗೆ. ಕೊನೆಯಲ್ಲಿ ಒಂದೊಂದನ್ನೂ ಎಣಿಸಬಹುದು."

ಸಿ.ಡಿ. ಹಾಳಾಗಿರಬೇಕು... ಹಾಳಾದರೆ ತೊದಲುತ್ತದೆ, ಮಂಕಾಗುವುದಿಲ್ಲ. ಗೊತ್ತು.

10 ನವೆಂಬರ್

ಹದಿನಾಲ್ಕು ಕುಳಿ. ಹದಿನಾಲ್ಕೂ ಎಣಿಸಿದೆ. ಹಾಗಿದ್ದ ಮೇಲೆ ಕಿವಿಗೇನಾಗಿದೆ?

24 ನವೆಂಬರ್, ಸೋಮವಾರ

ಎರಡು ವಾರ ಬರೆಯಲಿಲ್ಲ. ಪಿಯಾನೋವನ್ನೂ ಹಾಕಲಿಲ್ಲ. ಶ್ರೀಲಕ್ಷ್ಮೀ ಸುಮ್ಮನಿರಲಿಲ್ಲ. ರಜೆ ಹಾಕಿಸಿ ಹೊಸಪೇಟೆಯ ಕಿವಿ ಡಾಕ್ಟರ ಹತ್ತಿರ ಎಳೆದೊಯ್ದಳು. ಸಣ್ಣ ಕೋಣೆ, ಹೆಡ್‌ಫೋನ್. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಆಮೇಲಾಮೇಲೆ ಒತ್ತಲೇ ಇಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ಕೂತಿದ್ದೆ.

ಡಾಕ್ಟರ್ ಗಂಗೋತ್ರಿ ನನ್ನ ಮಗಳ ವಯಸ್ಸಿನವರು. "ದಪ್ಪ ದನಿ ನಿಮಗ ಕೇಳಸ್ತಾವ್ರಿ. ಸಿಡಿಮದ್ದಿನ ಸದ್ದಿಗೆ ಮ್ಯಾಲಿನ ಸಣ್ಣ ದನಿ ಹೋಗ್ಯಾವು. ಮತ್ತ ಬರಂಗಿಲ್ಲ. ಉಳಿದದ್ದನ್ನರ ಉಳಿಸ್ಕೊಳ್ರಿ."

ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ನುಡಿಸಿದವರು, ಮೈಕ್ ಇಟ್ಟವರು, ಸ್ಪೀಕರ್ ಅಂಗಡಿಯವನು — ಎಷ್ಟು ಜನಕ್ಕೆ ಬೈದುಬಿಟ್ಟೆ.

25 ನವೆಂಬರ್

ಪ್ಲಗ್ ಹಾಕಿಕೊಂಡೆ. ಎಣಿಸಲಾಗಲಿಲ್ಲ. ಹೊಗೆ ಇಳಿದ ಮೇಲೆ ಒಂದೊಂದೇ ಕುಳಿಯ ಜಾಗ ನಡೆದು ನೋಡಿದೆ. ಅರ್ಧ ತಾಸು ಹೆಚ್ಚು, ಅಷ್ಟೇ. "ಇದನ್ನ ಮೊದ್ಲ ಮಾಡ್ಬೇಕಿತ್ತಲ್ರೀ ಸರ," ಅಂದ ಎರ್ರಿಯಪ್ಪ.

30 ನವೆಂಬರ್, ಭಾನುವಾರ, ಸಂಜೆ 5

ಮೊದಲ ಕೆಲಸ — ಡೈರಿಯಲ್ಲಿ ಕೊಟ್ಟಿದ್ದ ನಾಲ್ಕು, ಮೂರು ಅಂಕ ಎಲ್ಲ ಹೊಡೆದುಹಾಕಿದೆ. ಶ್ರೀಲಕ್ಷ್ಮೀ ತಾನೇ ಆ ಸಿ.ಡಿ. ಹಾಕಿದಳು. ಮುಗಿಯಿತೆಂದು ಏಳಹೋದೆ. ಕೈ ಹಿಡಿದು ಕೂರಿಸಿದಳು.

"ತಡೀರಿ. ಇನ್ನೂ ಅದ."

ನನಗೆ ಏನೂ ಕೇಳಲಿಲ್ಲ. ಅವಳು ನನ್ನ ಅಂಗೈಯ ಮೇಲೆ, ತಾಳ ಹಾಕುವ ಹಾಗೆ, ಒಂದೊಂದೇ ಸ್ವರಕ್ಕೆ ಬೆರಳಿನಿಂದ ತಟ್ಟಿದಳು. ಹನ್ನೊಂದು.

"ಹತ್ತಕ್ಕ ಎಷ್ಟು ಬರೀಲಿ?" ಅಂದೆ.

"ಇನ್ನೊಮ್ಮೆ ಕೇಳಿ ಹೇಳ್ತೀನ್ರಿ."

ಮತ್ತೆ ಹಾಕಿದ್ದಾಳೆ. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಎಡಗೈ ಅವಳ ಹತ್ತಿರ. ಕೆಳಗಿನ ಸ್ವರಗಳು ಚೆನ್ನಾಗಿಯೇ ಕೇಳುತ್ತಿವೆ... ಅವೂ ನಿಂತವು. ಈಗ ತಟ್ಟುತ್ತಿದ್ದಾಳೆ. ಆರು. ಏಳು. ಎಂಟು. ಪೆನ್ನು ಕೆಳಗಿಡುತ್ತೇನೆ.