ಹೆಸ್ಕೆಲ್ ಅಂಕಲ್‌ಗೆ ಓದಿ ಹೇಳಿದ್ದು

ಮಾರ್ಚ್ 4, ಮಂಗಳವಾರ

ಮೂರೂವರೆಗೆ ನಮ್ಮ ಮನೆಯಿಂದ ಕೆಳಗಿಳಿದು ಹೋದೆ. ನಾಲ್ಕನೇ ಮಹಡಿ. ಹೆಸ್ಕೆಲ್ ಅಂಕಲ್ ಆಗಲೇ ಪುಸ್ತಕ ತೆರೆದಿಟ್ಟು ಕೂತಿದ್ದರು. ಎಂಬತ್ತಾರು ವರ್ಷ. ಕಣ್ಣು ಪೂರ್ತಿ ಹೋಗಿದೆ. ಪುಸ್ತಕ ತಾಲ್ಮುದ್, ಯಹೂದಿ ಧರ್ಮಶಾಸ್ತ್ರದ ವಾದ-ವಿವಾದ. ಇಂಗ್ಲಿಷ್ ಭಾಗ ನಾನು ಓದುವುದು, ಅರ್ಥ ಅವರು ಬಿಡಿಸುವುದು. ನನ್ನ ಕೆಲಸ ಹೋದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಪ್ಪಿಕೊಂಡದ್ದು. ಈಗ ಮೂರೂವರೆ ಆಗುವುದನ್ನೇ ಕಾಯುತ್ತೇನೆ.

ಇವತ್ತು ರೇಗಿದರು. "ಪ್ರಶ್ನೆ ಕೇಳು ಸರಳಾ. ನೀನೇನು ರೇಡಿಯೋನಾ?"

ಮಾರ್ಚ್ 11

ಎಲ್ಲಿ ಓದಿದಿರಿ ಅಂಕಲ್, ಎಂದು ಕೇಳಿದೆ. ಮುಖ ಅರಳಿತು. ಚಿಕ್ಕವರಿದ್ದಾಗ ತಾಲ್ಮುದ್ ತೋರಾ — ಗಂಡುಮಕ್ಕಳ ಪಾಠಶಾಲೆ. ಹದಿನೇಳಕ್ಕೆ ಜೆರುಸಲೇಮಿನ ಯೆಶಿವಾ, ಧರ್ಮಶಾಸ್ತ್ರ ಕಲಿಸುವ ದೊಡ್ಡ ಶಾಲೆ. ದಿನವಿಡೀ ಇಬ್ಬಿಬ್ಬರು ಎದುರುಬದುರು ಕೂತು ಕೂಗಾಡುತ್ತ ಓದುವುದಂತೆ. ಮದುವೆಯಾದವರಿಗೆ ಬೇರೆಯೇ ಇದೆ, ಕೊಲ್ಲೆಲ್. ಅಲ್ಲಿ ಎರಡು ವರ್ಷ.

"ಹೆಣ್ಣುಮಕ್ಕಳಿಗೆ?"

"ಈಗ ಇದೆ. ಮಿದ್ರಾಶಾ ಅಂತ. ಆಗ ಇರಲಿಲ್ಲ."

ಪುಸ್ತಕದ ಅಂಚನ್ನು ತಡವಿದರು.

"ಇತ್ತು. ನಾನೇ ಇಲ್ಲ ಅಂದೆ."

ಮಾರ್ಚ್ 13

ಮಗಳ ಹೆಸರು ಮೋಝೆಲ್. ಸಿಡ್ನಿಯಲ್ಲಿದ್ದಾಳೆ. ಹದಿನೆಂಟಕ್ಕೆ ಮಿದ್ರಾಶಾ ಸೇರಿ ತಾಲ್ಮುದ್ ಓದುತ್ತೇನೆ ಎಂದಳಂತೆ. ಹುಡುಗಿಗೆ ಯಾಕೆ ಎಂದು ಇವರು ಅರ್ಜಿ ಹರಿದುಹಾಕಿದರಂತೆ. ಇಪ್ಪತ್ತೊಂಬತ್ತು ವರ್ಷ... ಮಾತಿಲ್ಲ.

"ನಿನಗಿಂತ ಚೆನ್ನಾಗಿ ಪ್ರಶ್ನೆ ಕೇಳ್ತಿದ್ದಳು," ಎಂದರು.

ಊಟಕ್ಕೆ ಕೂತಾಗ ಅನಂತರಾಮ್‌ಗೆ ಹೇಳಿದೆ. "ಫೋನ್ ಮಾಡ್ಸಿಬಿಡು ಮಾರಾಯ್ತಿ," ಎಂದರು. "ನಂಬರ್ ಇಲ್ವಂತೆ ರೀ." "ಹೆಸ್ರು ಗೊತ್ತಲ್ಲ. ಸರ್ಚ್ ಮಾಡಿದ್ರೆ ಸಿಗತ್ತೆ." ಇವರಿಗೆ ಎಲ್ಲವೂ ಸುಲಭ.

ಮಾರ್ಚ್ 17

ಸಿಕ್ಕಿತು. ಡೆಂಟಿಸ್ಟ್ ಅವಳು. ಕ್ಲಿನಿಕ್ ನಂಬರ್ ಓದಿ ಹೇಳಿದೆ. ಡಯಲ್ ಮಾಡಲಾ, ಎಂದೆ. ಅಂಕಲ್ ಬೇಡವೆಂದು ಕೈ ಅಲ್ಲಾಡಿಸಿದರು. "ಏನು ಹೇಳಬೇಕು ಅಂತ ಯೋಚನೆ ಮಾಡ್ತೀನಿ. ಗುರುವಾರ ಮಾಡೋಣ."

ಒತ್ತಾಯ ಮಾಡಲಿಲ್ಲ.

ಮಾರ್ಚ್ 21

ನಿನ್ನೆ ಬೆಳಿಗ್ಗೆ ಹೋಗಿಬಿಟ್ಟರು. ಚಹಾ ತಂದಿಟ್ಟ ಮನೆಗೆಲಸದ ಹೆಲ್ಪರ್ ನಿದ್ದೆಯಲ್ಲಿದ್ದಾರೆ ಅಂದುಕೊಂಡಳಂತೆ. ಸಿಡ್ನಿಗೆ ಫೋನ್ ಮಾಡಿದ್ದು ನಾನೇ. ಆ ನಂಬರಿಗೆ ನಮ್ಮ ಮೊದಲ ಕರೆ.

ಅವರಲ್ಲಿ ತಡಮಾಡುವಂತಿಲ್ಲವಂತೆ. ಇವತ್ತು ಮಧ್ಯಾಹ್ನ ಮಣ್ಣು ಮಾಡಿದರು. ಮೋಝೆಲ್ ಬಂದಿಳಿದದ್ದು ಸಂಜೆ.

ಮಾರ್ಚ್ 25

ಏಳು ದಿನದ ಸೂತಕ. ಅವರ ಪದ್ಧತಿಯಂತೆ ಕನ್ನಡಿಗೆ ಬಿಳಿ ಬಟ್ಟೆ. ಮೋಝೆಲ್ ತಗ್ಗು ಸ್ಟೂಲಿನ ಮೇಲೆ ಕೂತಿದ್ದಳು.

"ಅಪ್ಪನಿಗೆ ಓದಿ ಹೇಳುತ್ತಿದ್ದವರು ಯಾರು?"

ನಾನು, ಎಂದೆ.

ಮೇಜಿನ ಮೇಲೆ ತೆರೆದಿದ್ದ ಪುಸ್ತಕದತ್ತ ನೋಡಿದಳು. ಪುಟದ ಅಂಚಿಗೆಲ್ಲ ನನ್ನ ಪೆನ್ಸಿಲ್ ಗುರುತು.

"ಬರೀ ಓದುವುದಾ? ಅರ್ಥವನ್ನೂ ಹೇಳಿಕೊಟ್ಟರಾ?"

ಹೂಂ.

"ನೀವು ಪ್ರಶ್ನೆ ಕೇಳಿದರೆ?"

ಖುಷಿಪಡುತ್ತಿದ್ದರು — ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ಗುರುವಾರ ನಿಮಗೆ ಫೋನ್ ಮಾಡುವವರಿದ್ದರು ಎಂದೂ ಹೇಳಿದೆ.

"ನಂಬರ್ ಯಾವಾಗ ಸಿಕ್ಕಿತ್ತು?"

"ಸೋಮವಾರ."

ಅವಳು ಅಳಲಿಲ್ಲ. ಎದ್ದು ಪುಸ್ತಕ ಮುಚ್ಚಿದಳು. ನನ್ನ ಕೈಗೆ ಇಟ್ಟಳು.

"ನೀವೇ ಇಟ್ಟುಕೊಳ್ಳಿ. ನನಗೆ ಇದನ್ನು ಓದಲು ಬರುವುದಿಲ್ಲ."

ತಂದುಬಿಟ್ಟೆ.

ಮಾರ್ಚ್ 29, ಶನಿವಾರ

ನಾಳೆ ಅವಳ ಫ್ಲೈಟ್. ಪುಸ್ತಕ ಇಲ್ಲೇ ಇದೆ. ಮಧ್ಯಾಹ್ನ ಒಮ್ಮೆ ತೆಗೆದುಕೊಂಡು ಲಿಫ್ಟ್‌ವರೆಗೆ ಹೋಗಿ ವಾಪಸ್ ಬಂದೆ. ಈಗ ಮತ್ತೆ ಹೋಗುತ್ತೇನೆ, ಅವಳಿಗೇ ವಾಪಸ್ ಕೊಡಲು. ಬಾಗಿಲು ತೆರೆದರೆ ಮೊದಲು ಏನಂತ ಹೇಳಲಿ?