ಇನ್ನೂ ನೀಲಿಯಾಗಿರುವ ಹೊಳೆ

ನವೆಂಬರ್ 3, ಸೋಮವಾರ

ಬೆಳಿಗ್ಗೆಯೇ ಮತ್ತೆ ಅದೇ ಪಂಚಾಯ್ತಿ. ಕಾಳಿ ಹೊಳೆಯ ನೀರಿನ ಮಟ್ಟವನ್ನು ಫೋನಿನಲ್ಲಿ ಚಿತ್ರ ಬಿಡಿಸಿ ತೋರಿಸುವ ಗ್ರಾಫಿಕ್ಸ್ ಸಾಫ್ಟ್‌ವೇರ್ ನಮ್ಮದು — ನನ್ನದು ಮತ್ತು ಹಳಿಯಾಳದ ಪುಂಡಲೀಕನದು. ನೀರು ಕಡಿಮೆಯಿದ್ದರೆ ನೀಲಿ, ಏರಿದರೆ ಕೆಂಪು. ಹೊಸ ಮಾಹಿತಿ ಬರದಿದ್ದರೆ ಹಳೆಯ ಚಿತ್ರ ಅಳಿಸಿ ಪರದೆ ಕಪ್ಪಾಗಬೇಕು. ಆದರೆ ಅದು ರಾಫ್ಟಿಂಗ್ ಕ್ಯಾಂಪಿನವರಿಗೆ ಅವರವರ ಆ್ಯಪ್ ಕಟ್ಟಿಕೊಡುವಾಗಿನ ಒಂದು ಸೆಟ್ಟಿಂಗ್. ಬೇಕಾದವರು ಹಾಕಿಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ. ಕಡ್ಡಾಯ ಮಾಡೋಣ ಅಂದೆ.

"ಜೋಯ್ಡಾ ಕಡೆ ನೆಟ್‌ವರ್ಕ್ ಎಲ್ಲೈತ್ರೀ? ದಿನಾ ಕರೀ ಪರದೇನ ನೋಡ್ಕೋತ ಕೂಡ್ಬೇಕು. ಒಬ್ರೂ ನಮ್ಮದು ಇಟ್ಕೊಳ್ಳಂಗಿಲ್ಲ," ಎಂದ ಪುಂಡಲೀಕ.

ಅದೂ ನಿಜವೇ. ಅದಕ್ಕೇ ಸಿಟ್ಟು ಬಂತು.

ನವೆಂಬರ್ 5

ತಂಗಿ ಸಹನಾ ಊಟಕ್ಕೆ ಬಂದಿದ್ದಳು. ರಾಫ್ಟಿಂಗ್ ಕ್ಯಾಂಪಿನಲ್ಲಿ ಗೈಡ್ ಅವಳು. ಅವರ ಆ್ಯಪ್‌ನಲ್ಲಿ ಆ ಸೆಟ್ಟಿಂಗ್ ಹಾಕಿಸಿಕೊಂಡೇ ಇಲ್ಲ.

"ಪರದೆ ಕಪ್ಪಾತಂದ್ರ ಗಿರಾಕಿ ಜೀಪ್ ತಿರುಗಿಸ್ತಾರಕ್ಕಾ."

ಅವಳ ಹಿರಿಯ ಗೈಡ್ ಜುಜೆ ಮೊದಲೆಲ್ಲ ದೋಣಿ ಇಳಿಸುವ ಮುಂಚೆ ದಡದ ಚಪ್ಪಟೆ ಕಲ್ಲಿನ ಮೇಲೆ ಚಪ್ಪಲಿ ಬಿಡುತ್ತಿದ್ದನಂತೆ. ಚಾ ಕುಡಿದು ಬರುವಷ್ಟರಲ್ಲಿ ಅದು ಒದ್ದೆಯಾಗಿದ್ದರೆ ನೀರು ಏರುತ್ತಿದೆ ಅಂತ ಲೆಕ್ಕ, ಅವತ್ತು ದೋಣಿಯಿಲ್ಲ.

"ಈಗ ಬಿಟ್ಟಾನ. ನಿನ್ನ ಚಿತ್ರ ಐತಲ್ಲ!"

ಹೊಗಳಿಕೆ ಅಂತ ಹೇಳಿದಳು. ತಟ್ಟೆ ಬದಿಗೆ ಸರಿಸಿದೆ.

ನವೆಂಬರ್ 9, ಭಾನುವಾರ

ಸಂಜೆ ದಾಂಡೇಲಿಯ ದಡಕ್ಕೆ ಹೋದೆ. ಬಟ್ಟೆ ಒಗೆಯುವ ಮೆಟ್ಟಿಲು ಮುಳುಗಿವೆ. ಮಳೆಯ ಸುಳಿವಿಲ್ಲ, ಆಕಾಶ ಸ್ವಚ್ಛ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಈ ಹೊಳೆಗೆ ಮಳೆ ಯಾಕೆ ಬೇಕು... ಸಹನಾಳ ಕ್ಯಾಂಪಿನ ಆ್ಯಪ್ ತೆಗೆದೆ. ತಣ್ಣಗೆ, ಚೆಂದಗೆ, ನೀಲಿ. ಬೆಳಗಿನ ಚಿತ್ರ ಅದು.

ಭಯವಾಯಿತು. ಆ ನೀಲಿಯನ್ನು ಆರಿಸಿದವಳು ನಾನೇ.

ನವೆಂಬರ್ 10

ಜಗಳ. ಟೇಬಲ್ ಕುಟ್ಟಿದೆ. ಕೊನೆಗೂ ಪುಂಡಲೀಕ ಒಪ್ಪಿದ — ಸೆಟ್ಟಿಂಗ್ ಕಡ್ಡಾಯ. ಆದರೆ ಜನವರಿಯಿಂದ.

"ಡಿಸೆಂಬರ್ ರಜಾದ ಗದ್ದಲ ಮುಗೀಲ್ರಿ. ಕ್ಯಾಂಪಿನವರಿಗೂ ಒಗ್ಗಿಕೊಳ್ಳಾಕ ಟೈಮ್ ಬೇಕಲ್ಲ."

ಹೂಂ ಅಂದೆ. ಯಾಕಂದೆ? ಗೆದ್ದೆ ಅನ್ನಿಸಿತ್ತು, ಅದಕ್ಕೆ.

ರಾತ್ರಿ ಸಹನಾಗೆ ಫೋನ್ ಮಾಡಿ, ಅಲ್ಲಿಯವರೆಗೆ ಜುಜೆಗೆ ಚಪ್ಪಲಿ ಇಡಲು ಹೇಳು ಅಂದೆ. ಬಿದ್ದು ಬಿದ್ದು ನಕ್ಕಳು.

ನವೆಂಬರ್ 16, ಭಾನುವಾರ. ಕ್ಯಾಂಪಿನ ದಡ

ಮನೆಯಲ್ಲಿ ಕೂರಲಾಗಲಿಲ್ಲ. ಬಂದುಬಿಟ್ಟೆ. ಡೈರಿಯೂ ಜೊತೆಗೇ.

ಸಹನಾಳ ದೋಣಿ ಈಗಷ್ಟೇ ತಿರುವು ದಾಟಿತು. ಕೈ ಬೀಸಿದಳು. ಜುಜೆ ಇಲ್ಲೇ ಎರಡನೇ ದೋಣಿಗೆ ಗಾಳಿ ತುಂಬುತ್ತಿದ್ದಾನೆ. ನೆಟ್‌ವರ್ಕ್ ಇಲ್ಲ. ಫೋನಿನಲ್ಲಿ ಹೊಳೆ ನೀಲಿ.

ಬಂದ ಕೂಡಲೇ ನನ್ನ ಚಪ್ಪಲಿ ಆ ಕಲ್ಲಿನ ಮೇಲೆ ಬಿಟ್ಟೆ. ಜುಜೆ ನೋಡಿ ನಕ್ಕ.

"ಅಕ್ಕಾರ, ಆ ಕೆಲಸ ಈಗ ನಿಮ್ಮ ಫೋನ್ ಮಾಡ್ತೈತಲ್ರೀ."

ನಾನೂ ನಕ್ಕೆ. ಚಾ ಕೊಟ್ಟರು. ಸಕ್ಕರೆ ಜಾಸ್ತಿ. ಹಕ್ಕಿಗಳೆಲ್ಲ ಎಲ್ಲಿ ಹೋದವೋ...

ಕಲ್ಲಿನ ಮೇಲೆ ಒಂದು ಚಪ್ಪಲಿ ಕಾಣುತ್ತಿಲ್ಲ.

ಜುಜೆ ಪಂಪು ಎಸೆದು ತಿರುವಿನ ಕಡೆ ಓಡುತ್ತಿದ್ದಾನೆ, ಸೀಟಿ ಊದುತ್ತ. ಅತ್ತಲಿಂದ ಉತ್ತರವಿಲ್ಲ. ಫೋನಿನಲ್ಲಿ ಇನ್ನೂ ನೀಲಿ. ಈಗ ಕಲ್ಲೇ ಕಾಣುತ್ತಿ —