ಒದ್ದೆ ಬತ್ತದ ತೂಕ

ನವೆಂಬರ್ 11, ಸಂಜೆ

ಸಿರುಗುಪ್ಪ ಕಡೆಯ ಗದ್ದೆಗಳು ಮುಗಿದವು. ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಕಟ್ಟಿ, ಅಷ್ಟನ್ನೇ ಕೊಯ್ಯಿಸಿ, ಬಡಿಸಿ, ಒಣಗಿಸಿ, ತೂಗಿ ಆ್ಯಪ್‌ಗೆ ಹಾಕುವುದು ನನ್ನ ಕೆಲಸ. ಬೆಳೆ ವಿಮೆ ಬರುತ್ತದೋ ಇಲ್ಲವೋ, ಈ ತೂಕದ ಮೇಲೆ.

ಹೊಸ ಪಟ್ಟಿ ಬಂತು. ಕುರುಗೋಡು ತಾಲ್ಲೂಕು. ಎರಡನೇ ಸಾಲಿನಲ್ಲಿ ಆ ಊರು... ಸೂಪರ್‌ವೈಸರ್ ರಘೋತ್ತಮ ಸರ್‌ಗೆ ನಮ್ಮ ಮನೆಯ ಕಥೆ ಗೊತ್ತು. ಬೇರೆಯವರನ್ನು ಕಳಿಸಲಾ ಎಂದರು. ಬೇಡ ಎಂದೆ.

ನವೆಂಬರ್ 12, ಬೆಳಗ್ಗೆ 6

ಅಬ್ಬಾ ಕಂಟೋನ್ಮೆಂಟಿಗೆ ಹೊರಟರು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್. ಇಪ್ಪತ್ತೆರಡು ವರ್ಷ ಆ ಊರಿನ ಮೆಣಸಿನಕಾಯಿ ಕೊಂಡು ಸ್ವಂತ ಟೆಂಪೊದಲ್ಲಿ ತಂದ ಮನುಷ್ಯ.

ಎರಡು ವರ್ಷದ ಹಿಂದೆ ಆ ಊರಿನ ಹಬ್ಬದ ಮೆರವಣಿಗೆ ಮೇಲೆ ಕಲ್ಲು ಬಿತ್ತು. ಯಾರು ಎಸೆದರೋ. ಅಬ್ಬಾ ಆ ದಿನ ಊರಲ್ಲೇ ಇರಲಿಲ್ಲ. ಮರುದಿನ ಊರ ಮುಖಂಡ ಪ್ರಭುಲಿಂಗ ಕಟ್ಟೆ ಹತ್ತಿ ಮೈಕ್ ಹಿಡಿದ. ‘ಸಾಬರಿಗೆ ಮಾಲು ಕೊಡಬ್ಯಾಡ್ರಿ. ಅವರ ತೂಕ ನಂಬಬ್ಯಾಡ್ರಿ.’ ಟೆಂಪೊ ಖಾಲಿ ಬಂತು. ಆಮೇಲೆ ಟೆಂಪೊವನ್ನೂ ಮಾರಿದರು.

ಈಗ ತೂಕ ನನ್ನ ಕೈಯಲ್ಲಿ.

ಅದು ಕಾಲುವೆಯ ಕೊನೆಯ ಊರು. ಬೇಕಾದಾಗ ನೀರು ಬರಲಿಲ್ಲ, ಕೊಯ್ಲಿನ ಹೊತ್ತಿಗೆ ನಾಲ್ಕು ದಿನ ಮಳೆ. ಬತ್ತ ಮಲಗಿದೆ. ಒಣಗಿಸದೆ ಒದ್ದೆಯದನ್ನೇ ತೂಗಿಬಿಟ್ಟರೆ ಸಾಕು, ಇಳುವರಿ ಚೆನ್ನಾಗಿದೆ ಎಂದಾಗುತ್ತದೆ. ಇಡೀ ಪಂಚಾಯ್ತಿಗೆ ಒಂದು ಪೈಸೆ ಬರುವುದಿಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ.

ನವೆಂಬರ್ 14

ಹೋದೆ. ಕುರ್ಚಿ ತಂದು ಹಾಕಿದವನು ಪ್ರಭುಲಿಂಗನೇ. ಮೇಡಂ, ಮೇಡಂ ಎನ್ನುತ್ತಿದ್ದ. ಮೊದಲು ಕೊಟ್ರಮ್ಮನ ಗದ್ದೆ. ತೆನೆಯಲ್ಲೇ ಕಾಳು ಮೊಳಕೆ ಒಡೆದಿತ್ತು. ಅವಳು ಒಂದು ತೆನೆ ಕಿತ್ತು ನನ್ನ ಅಂಗೈಗೆ ಇಟ್ಟಳು.

ಯಾರ ಮಗಳು ಎಂದು ಪ್ರಭುಲಿಂಗ ಕೇಳಿದ. ಕೌಲ್ ಬಜಾರಿನ ಅಬ್ದುಲ್ ಸಮದ್ ಮಗಳು, ಆಫ್ರೀನ್ ಎಂದೆ. ಮುಖದ ಬಣ್ಣ ಹೋಯಿತು. ಎರಡು ವರ್ಷದಿಂದ ನೋಡಬೇಕೆಂದಿದ್ದದ್ದು ಅದೇ.

‘ಅವತ್ತು ಊರು ಸಿಟ್ಟಿನಾಗ ಇತ್ತವ್ವ. ನೀ ಒಣಗಿಸಿ ತೂಗು.’

‘ನಮ್ಮ ತೂಕ ನಂಬಬ್ಯಾಡ್ರಿ ಅಂದಿದ್ರಲ್ಲ’ ಎಂದೆ.

ನವೆಂಬರ್ 17, ಸಂಜೆ 4

ಪಟ್ಟಿಯಲ್ಲಿದ್ದ ಆ ಊರಿನ ನಾಲ್ಕೂ ಗದ್ದೆಯದನ್ನು ಒಣಗಿಸಿಯೇ ತೂಗಿದೆ. ಕನಿಕರದಿಂದಲ್ಲ. ಕೊಟ್ರಮ್ಮನೂ ಅವತ್ತು ಅಬ್ಬಾನನ್ನು ಕಂಡು ಬಾಗಿಲು ಹಾಕಿಕೊಂಡವಳೇ. ಆದರೆ ಒದ್ದೆ ತೂಗಿದರೆ ಪ್ರಭುಲಿಂಗನ ಮಾತು ನಿಜವಾಗುತ್ತದೆ. ಅಷ್ಟು ದೊಡ್ಡ ಉಪಕಾರ ಅವನಿಗೆ ಮಾಡಲಾರೆ.

ಅರ್ಧ ಬೆಳೆಯೂ ಇಲ್ಲ. ಅಪ್‌ಲೋಡ್ ಆಯಿತು. ಎಷ್ಟು ಬಂತು ಎಂದು ಪ್ರಭುಲಿಂಗ ಕೇಳಿದ. ಇನ್ನೂ ಹಾಕಿಲ್ಲ, ಯೋಚನೆ ಮಾಡ್ತಿದೀನಿ ಎಂದೆ.

ಸುಳ್ಳು. ಬಾಯಿಗೆ ಸಿಹಿಯಾಗಿತ್ತು.

ನವೆಂಬರ್ 22

ಐದು ದಿನ ಫೋನ್ ಮಾಡಿದ. ಎತ್ತಲಿಲ್ಲ. ಇವತ್ತು ಮನೆಗೇ ಬಂದ. ಹೊಸ್ತಿಲ ಹೊರಗೇ ನಿಂತು, ತಪ್ಪಾತು ಸಾಬ್ರೆ ಎಂದು ಕೈ ಮುಗಿದ. ಅಬ್ಬಾಗೆ ಏನೂ ಗೊತ್ತಿರಲಿಲ್ಲ. ಕೂತಲ್ಲೇ ಕೇಳಿಸಿಕೊಂಡರು.

‘ನೀವು ಅವತ್ತು ನನಗ ಏನೂ ಹೇಳಿದ್ದಿಲ್ಲ. ಊರಿಗೆ ಹೇಳಿದ್ರಿ. ಇದನ್ನೂ ಅಲ್ಲೇ ಹೇಳ್ರಿ.’

ಅಬ್ಬಾ ಇಷ್ಟು ಗಟ್ಟಿಯಾಗಿ ಮಾತಾಡಿ ಎಷ್ಟು ದಿನವಾಗಿತ್ತು.

ನವೆಂಬರ್ 25

ಅದೇ ಕಟ್ಟೆ. ನೂರು ಜನ ಸೇರಿದ್ದರು. ನಾನು ಹಿಂದೆ ನಿಂತಿದ್ದೆ. ಪ್ರಭುಲಿಂಗ ಮೈಕ್ ಹಿಡಿದ.

‘ಅಬ್ದುಲ್ ಸಮದ್ ತೂಕದಾಗ ಎಂದೂ ಮೋಸ ಇದ್ದಿಲ್ಲ. ಸುಳ್ಳು ಹೇಳಿದ್ದು ನಾನು.’

ಕೆಲವರು ತಲೆ ತಗ್ಗಿಸಿದರು. ಇಬ್ಬರು ಎದ್ದು ಹೋದರು. ಕೊಟ್ರಮ್ಮ ಬಂದು ಅಬ್ಬಾನ ನಂಬರ್ ಬರೆಸಿಕೊಂಡಳು.

ಬಸ್ಸಿನಲ್ಲಿ ಕೂತ ಮೇಲೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ತೂಕ ಎಂದೋ ಅಪ್‌ಲೋಡ್ ಆಗಿದೆ ಅಂತ ಅವನಿಗೆ ಗೊತ್ತಾ ಎಂದು ಅಬ್ಬಾ ಕೇಳಿದರು. ಇಲ್ಲ ಎಂದೆ.

‘ಹೇಳಿಬಿಡು ಬೇಟಿ.’

ನವೆಂಬರ್ 26, ಬೆಳಗ್ಗೆ 8

ಮತ್ತೆ ಅವನದೇ ಫೋನ್. ಮೂರು ಸಲ. ಹೇಳುತ್ತೇನೆ ಎಂದು ಅಬ್ಬಾಗೆ ಮಾತು ಕೊಟ್ಟಿದ್ದೇನೆ. ಇವತ್ತೇ ಎಂದು ಹೇಳಿಲ್ಲ. ಎರಡು ಸುಗ್ಗಿ ಅಬ್ಬಾ ಫೋನ್ ಮುಂದಿಟ್ಟುಕೊಂಡು ಆ ಊರಿನಿಂದ ಯಾರಾದರೂ ಕರೆಯಬಹುದೆಂದು ಕೂತಿದ್ದರು. ಇವನೂ ಇನ್ನೊಂದು ವಾರ ಹಾಗೇ ಕೂತಿರಲಿ.